ಮೂರು ನಿಲಯ, ಒಂದೇ ಹಾಡು

ಪೈಪೋಟಿ ಇದ್ದಲ್ಲಿ ಗಿರಾಕಿಗೆ ಲಾಭ ಎಂಬ ಮಾತು ಈಗ ವೇದವಾಕ್ಯವಾಗಿಬಿಟ್ಟಿದೆ. ಅಂಗಡಿ ಎರಡಾದರೆ ಬೆಲೆ ಇಳಿಯುತ್ತದೆ, ಮೂರಾದರೆ ವ್ಯಾಪಾರಿಯ ಮೋರೆಯಲ್ಲಿ ನಗುವೂ ಮೂಡುತ್ತದೆ ಎಂಬುದನ್ನು ಶಾಲೆಯ ಹುಡುಗನೂ ಹೇಳಬಲ್ಲ. ಬಿ.ಸಿ. ರೋಡಿನ ತರಕಾರಿ ಅಂಗಡಿಗಳ ಮಟ್ಟಿಗೆ ಇದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆದರೆ ಇದೇ ಮಂತ್ರವನ್ನು ಬಾನುಲಿಗೂ ಜಪಿಸಿ, ‘ನಿಲಯಗಳು ಹೆಚ್ಚಲಿ, ಹೊಸ ಹಾಡು ಬೇಕಾದವರಿಗೆ ಹೊಸದು, ಹಳೆಯದು ಬೇಕಾದವರಿಗೆ ಹಳೆಯದು ತಾನಾಗಿಯೇ ದೊರೆಯುತ್ತದೆ’ ಎಂದು ಹೇಳುವವರೊಡನೆ ನನಗೆ ಜಗಳವಿದೆ. ಆ ಜಗಳವನ್ನು ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿಗಳಲ್ಲಿ ನಿಂತೇ ಆಡಬೇಕು. ಮಂಗಳೂರಿನಿಂದ ಬಂಟ್ವಾಳಕ್ಕೆ ಸುಮಾರು 25 ಕಿಲೋಮೀಟರು, ಮೂಡುಬಿದಿರೆಗೆ 35, ಬೆಳ್ತಂಗಡಿಗೆ 60. ಪೇಟೆಯಲ್ಲಿ ನಡೆಯುವ ಪೈಪೋಟಿಯ ಫಲ ಎಲ್ಲಿಯವರೆಗೆ ತಲುಪಿತು ಎಂದು ಅಳೆಯಲು ಇವಕ್ಕಿಂತ ಒಳ್ಳೆಯ ಮೈಲುಗಲ್ಲುಗಳು ಸಿಕ್ಕಲಾರವು.

ಮಂಗಳೂರಿಗೆ ಆಕಾಶವಾಣಿ ಬಂದದ್ದು 1976ರಲ್ಲಿ. ಮುಂದಿನ ಮೂವತ್ತು ವರ್ಷ ಅದಕ್ಕೆ ಊರಿನಲ್ಲಿ ಎದುರಾಳಿಯೇ ಇರಲಿಲ್ಲ. 2005ರಲ್ಲಿ ಕೇಂದ್ರ ಸರಕಾರ ಖಾಸಗಿ ಎಫ್.ಎಂ. ನೀತಿಯ ಎರಡನೆಯ ಹಂತವನ್ನು ಪ್ರಕಟಿಸಿದ ತರುವಾಯ ಮಂಗಳೂರಿನಲ್ಲಿಯೂ ಒಂದರ ಹಿಂದೊಂದು ಖಾಸಗಿ ನಿಲಯಗಳು ತಲೆಯೆತ್ತಿದವು. ಊರು ಹಿಗ್ಗಿತು. ಹಿಗ್ಗಬೇಕಾದದ್ದೇ. ಒಂದೇ ಧ್ವನಿ ಕೇಳಿ ಬೇಸತ್ತ ಕಿವಿಗೆ ನಾಲ್ಕು ಧ್ವನಿ ಹಬ್ಬವೇ ಸರಿ. ಆದರೆ ಹಬ್ಬ ಮುಗಿದ ಮೇಲೆ ನೋಡಿದರೆ ಎಲೆಯ ಮೇಲೆ ಬಡಿಸಿದ್ದೇನು? ಹಗಲೆಲ್ಲ ಈ ವರ್ಷದ ಸಿನಿಮಾ ಹಾಡು, ನಡುನಡುವೆ ತಡೆಯಿಲ್ಲದ ಹರಟೆ, ಹರಟೆಯ ನಡುವೆ ಜಾಹೀರಾತು. ರಾತ್ರಿ ಊಟದ ಹೊತ್ತಿಗೆ ‘ಹಳೆಯ ಹಾಡು’ ಎಂಬ ಫಲಕ. ಆ ಫಲಕದ ಕೆಳಗೆ ಎಲ್ಲರಿಗೂ ಬಾಯಿಪಾಠವಾಗಿರುವ ಅವೇ ಕೆಲವು ಹಾಡು. ಮುಳ್ಳನ್ನು ತಿರುಗಿಸಿದರೆ ಪಕ್ಕದ ನಿಲಯದಲ್ಲೂ ಅದೇ ಸಾಲಿನ ಇನ್ನೊಂದು. ತಿರುಗಿಸಿದ್ದು ಬೆರಳಿಗೆ ವ್ಯಾಯಾಮವಾಯಿತೇ ಹೊರತು ಕಿವಿಗೆ ಬೇರೆ ದಾರಿ ತೆರೆಯಲಿಲ್ಲ.

ಪೈಪೋಟಿಯಿಂದ ಬಾನುಲಿಗೆ ಒಳಿತಾದ ಉದಾಹರಣೆ ನಮ್ಮ ದೇಶದಲ್ಲಿ ಇಲ್ಲವೇ ಇಲ್ಲ ಎಂದಲ್ಲ. ಪ್ರತಿಪಕ್ಷದವರು ಮೊದಲು ಎತ್ತಿಹಿಡಿಯುವ ಉದಾಹರಣೆಯನ್ನು ನಾನೇ ಎತ್ತಿಕೊಡುತ್ತೇನೆ. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಮಂತ್ರಿಯಾದ ಬಿ.ವಿ. ಕೇಸ್ಕರರಿಗೆ ಸಿನಿಮಾ ಸಂಗೀತವೆಂದರೆ ಆಗದು. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿಯನ್ನು ತಿದ್ದಿಬಿಡಬಹುದೆಂಬ ನಂಬಿಕೆ ಅವರದು. ಆಕಾಶವಾಣಿಯಲ್ಲಿ ಚಿತ್ರಗೀತೆಗಳಿಗೆ ಕತ್ತರಿ ಬಿದ್ದಿತು. ಜನ ಏನು ಮಾಡಿದರು? ತಂಬೂರಿಯ ಮುಂದೆ ಕೈಕಟ್ಟಿ ಕೂರಲಿಲ್ಲ. ಮುಳ್ಳನ್ನು ಹ್ರಸ್ವತರಂಗಕ್ಕೆ ತಿರುಗಿಸಿ, 25 ಮತ್ತು 41 ಮೀಟರಿನಲ್ಲಿ ಸಿಲೋನನ್ನು ಹಿಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಅಲ್ಲಿ ಆರಂಭವಾಯಿತು. ದೇಶದ ಮೂಲೆಮೂಲೆಯ ಮನೆಗಳು ಬುಧವಾರದ ರಾತ್ರಿಗೆ ಕಾದು ಕುಳಿತವು. ಐದು ವರ್ಷ ಕಳೆಯುವಷ್ಟರಲ್ಲಿ ದೆಹಲಿಗೆ ಬುದ್ಧಿ ಬಂದು, 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿತು. ಸಮುದ್ರದಾಚೆಯ ಒಂದು ನಿಲಯ ಸರಕಾರದ ಹಟವನ್ನು ಮುರಿದದ್ದು ನಿಜ.

ಆದರೆ ಆ ಪೈಪೋಟಿಯ ಗುಟ್ಟೇನು ಎಂಬುದನ್ನು ನೋಡಬೇಕು. ಸಿಲೋನಿನದು ಜಾಹೀರಾತಿನ ಹಣದಿಂದ ನಡೆಯುವ ಸೇವೆ. ಆಕಾಶವಾಣಿಯದು ಬೊಕ್ಕಸದ ಹಣದಿಂದಲೂ ರೇಡಿಯೋ ಲೈಸೆನ್ಸಿನ ಹಣದಿಂದಲೂ ನಡೆಯುವ ಸೇವೆ. ಒಬ್ಬರ ಗುರಿ ಮನರಂಜನೆ, ಇನ್ನೊಬ್ಬರ ಗುರಿ ಲೋಕಶಿಕ್ಷಣ. ಇಬ್ಬರೂ ಒಂದೇ ಚೀಲಕ್ಕೆ ಕೈಹಾಕಿದವರಲ್ಲ. ಗುಣದಲ್ಲಿ ಭಿನ್ನರಾದ ಇಬ್ಬರು ಎದುರುಬದುರಾದದ್ದರಿಂದ ಶ್ರೋತೃವಿಗೆ ಎರಡು ದಾರಿ ತೆರೆದವು. ಕೊನೆಗೆ ಒಬ್ಬರನ್ನು ನೋಡಿ ಇನ್ನೊಬ್ಬರು ತಿದ್ದಿಕೊಂಡರು. ಇಂದಿನ ಪೈಪೋಟಿ ಹಾಗಲ್ಲ. ಒಂದೇ ಅಂಗಡಿಬೀದಿಯ ಜಾಹೀರಾತಿಗಾಗಿ, ಒಂದೇ ವಯಸ್ಸಿನ ಗಿರಾಕಿಗಾಗಿ, ಒಂದೇ ಬಗೆಯ ಸರಕನ್ನು ಹೊತ್ತವರು ನಡೆಸುವ ನೂಕುನುಗ್ಗಲು ಇದು.

ದಕ್ಷಿಣ ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಖಾಸಗಿ ಬಸ್ಸುಗಳನ್ನು ನೆನೆದರೆ ಸಾಕು. ಮಂಗಳೂರು–ಮೂಡುಬಿದಿರೆ ದಾರಿಯಲ್ಲಿ ಒಂದರ ಬೆನ್ನಿಗೆ ಒಂದು ಬಸ್ಸು ಅರಚುತ್ತ ಓಡುತ್ತದೆ. ನಿಲ್ದಾಣದಲ್ಲಿ ಕಂಡಕ್ಟರುಗಳು ಎರಡು ನಿಮಿಷದ ಟೈಮಿಂಗಿಗಾಗಿ ತೋಳೇರಿಸುತ್ತಾರೆ. ಹೆದ್ದಾರಿಯಲ್ಲಿ ಇಷ್ಟೊಂದು ಪೈಪೋಟಿಯಿದ್ದರೂ ಒಳದಾರಿಯ ಹಳ್ಳಿಯವನು ಸಂಜೆಯ ಬಸ್ಸು ತಪ್ಪಿದರೆ ನಡೆದೇ ಮನೆ ಸೇರಬೇಕು. ಹೆದ್ದಾರಿಯ ಹತ್ತನೆಯ ಬಸ್ಸಿಗೆ ಸಿಕ್ಕುವ ಪಾಲು, ಒಳದಾರಿಯ ಒಂದೇ ಬಸ್ಸಿಗೆ ಸಿಕ್ಕುವ ಆದಾಯಕ್ಕಿಂತ ದೊಡ್ಡದಾಗಿರುವವರೆಗೆ ಹನ್ನೊಂದನೆಯ ಬಸ್ಸೂ ಹೆದ್ದಾರಿಗೇ ಬರುತ್ತದೆ. ಇದರಲ್ಲಿ ಬಸ್ಸಿನ ಮಾಲಿಕನ ದುಷ್ಟತನವೇನೂ ಇಲ್ಲ; ಲೆಕ್ಕವೇ ಹಾಗಿದೆ.

ಬಾನುಲಿಗೂ ಇದೇ ಲೆಕ್ಕ ಅನ್ವಯಿಸುತ್ತದೆ ಎಂಬುದನ್ನು ಪೀಟರ್ ಸ್ಟೈನರ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು 1952ರಲ್ಲಿಯೇ ತೋರಿಸಿಕೊಟ್ಟಿದ್ದಾರೆ. ಅವರ ತರ್ಕವನ್ನು ನಮ್ಮ ಊರಿಗೆ ಹೊಂದಿಸಿ ನೋಡೋಣ. ನೂರು ಶ್ರೋತೃಗಳಿದ್ದಾರೆಂದು ಇಟ್ಟುಕೊಳ್ಳಿ. ಎಂಬತ್ತು ಮಂದಿಗೆ ಹೊಸ ಚಿತ್ರಗೀತೆ ಬೇಕು, ಹದಿನೈದು ಮಂದಿಗೆ ಹಳೆಯ ಹಾಡು, ಐದು ಮಂದಿಗೆ ತಾಳಮದ್ದಳೆ. ಮೂರು ನಿಲಯಗಳಿದ್ದರೆ ಮೂರೂ ಹೊಸ ಹಾಡನ್ನೇ ಹಾಕುತ್ತವೆ. ಎಂಬತ್ತನ್ನು ಮೂರು ಪಾಲು ಮಾಡಿದರೂ ತಲೆಗೆ ಇಪ್ಪತ್ತಾರಕ್ಕೆ ಕಡಿಮೆಯಿಲ್ಲ, ಹಳೆಯ ಹಾಡಿಗೆ ಹೋದರೆ ಹದಿನೈದೇ. ಐದನೆಯ ನಿಲಯ ಬಂದರೂ ಹದಿನಾರು ಸಿಕ್ಕುವುದರಿಂದ ಅದೂ ಅಲ್ಲಿಯೇ ಕೂರುತ್ತದೆ. ಆರನೆಯದು ಬಂದಾಗ ಮಾತ್ರ ಹಳೆಯ ಹಾಡಿನ ಅದೃಷ್ಟ ತೆರೆಯುತ್ತದೆ. ಇನ್ನು ತಾಳಮದ್ದಳೆಯ ಐದು ಮಂದಿಯ ಕಡೆಗೆ, ಹದಿನೇಳು ನಿಲಯಗಳಾಗುವವರೆಗೆ ಯಾರೂ ತಿರುಗಿಯೂ ನೋಡರು. ಆ ಮೂರು ನಿಲಯಗಳೂ ಒಬ್ಬನ ಕೈಯಲ್ಲಿದ್ದಿದ್ದರೆ? ತನ್ನ ಗಿರಾಕಿಯನ್ನು ತಾನೇ ಕದಿಯುವುದರಲ್ಲಿ ಅವನಿಗೆ ಲಾಭವಿಲ್ಲ. ಆದಕಾರಣ ಒಂದರಲ್ಲಿ ಹೊಸದು, ಒಂದರಲ್ಲಿ ಹಳೆಯದು, ಒಂದರಲ್ಲಿ ತಾಳಮದ್ದಳೆ ಹಾಕಿ ನೂರಕ್ಕೆ ನೂರನ್ನೂ ಹಿಡಿಯುತ್ತಿದ್ದ. ಏಕಸ್ವಾಮ್ಯವನ್ನು ಹೊಗಳಲು ಇದನ್ನು ಹೇಳಲಿಲ್ಲ. ‘ಸಂಖ್ಯೆ ಹೆಚ್ಚಿದರೆ ವೈವಿಧ್ಯ ಹೆಚ್ಚುತ್ತದೆ’ ಎಂಬ ಮಂತ್ರ ಎಷ್ಟು ಟೊಳ್ಳು ಎಂಬುದಕ್ಕೆ ಈ ಸಣ್ಣ ಭಾಗಾಕಾರ ಸಾಕ್ಷಿ.

ಬೇಕಾದರೆ ಪೈಪೋಟಿಯ ತವರೂರಾದ ಅಮೆರಿಕವನ್ನೇ ನೋಡಬಹುದು. ಅಲ್ಲಿ ಮಧ್ಯಮತರಂಗದ ನಿಲಯಗಳೇ ಇಂದಿಗೂ ನಾಲ್ಕು ಸಾವಿರಕ್ಕೆ ಮಿಕ್ಕಿ ಇವೆ. ಹಳೆಯ ಹಾಡನ್ನೇ ಕಸುಬು ಮಾಡಿಕೊಂಡ ನಿಲಯಗಳು ಒಂದೇ ಊರಿನಲ್ಲಿ ಎದುರುಬದುರು ನಿಂತದ್ದೂ ಉಂಟು. ಆರನೆಯ, ಏಳನೆಯ ನಿಲಯಕ್ಕೆ ಎಡೆಯಿರುವ ದೊಡ್ಡ ಪೇಟೆಗಳ ಕಥೆ ಅದು. ಅಲ್ಲಿಯೂ 1996ರ ಕಾನೂನು ಒಬ್ಬನೇ ದೇಶದಲ್ಲಿ ಎಷ್ಟು ನಿಲಯಗಳನ್ನಾದರೂ ಕೊಳ್ಳಬಹುದೆಂದು ಬಾಗಿಲು ತೆರೆದ ಕೂಡಲೇ ದೊಡ್ಡ ಮೀನು ಸಣ್ಣ ಮೀನನ್ನು ನುಂಗಿತು. ಊರಿನ ಹಾಡನ್ನು ಊರಿನವನೇ ಆರಿಸಿ ಹಾಕುವ ಪದ್ಧತಿ ಹೋಗಿ, ದೂರದ ಕಚೇರಿಯೊಂದರಲ್ಲಿ ತಯಾರಾದ ಪಟ್ಟಿ ನೂರಾರು ಊರುಗಳಲ್ಲಿ ಮೊಳಗತೊಡಗಿತು. ನಾವು ಪ್ರತಿಯೊಂದನ್ನೂ ಅಲ್ಲಿಂದ ಕಲಿಯುತ್ತೇವೆ. ಅವರು ಎಡವಿದ ಕಲ್ಲನ್ನೂ ತಂದು ನಮ್ಮ ಅಂಗಳದಲ್ಲಿ ನೆಟ್ಟುಕೊಳ್ಳಬೇಕೆ?

‘ಹಳೆಯ ಹಾಡು ಕೇಳಿಸದಿದ್ದರೆ ಆಕಾಶ ಕಳಚಿ ಬೀಳುತ್ತದೆಯೇ?’ ಎಂದು ಕೇಳುವವರಿದ್ದಾರೆ. ಹಳೆಯದೆಂದರೆ ಅವರ ಮನಸ್ಸಿಗೆ ಬರುವುದು ಹತ್ತಿಪ್ಪತ್ತು ಚಿತ್ರಗೀತೆ. ನಾನು ಹೇಳುತ್ತಿರುವುದು ಬೇರೆ. ಆರೂರಿನಲ್ಲಿ ಹುಟ್ಟಿ, ಕವಿಗಳ ಪದ್ಯವನ್ನು ಪುಸ್ತಕದಿಂದ ಬಿಡಿಸಿ ಜನರ ಬಾಯಿಗೆ ಕೊಟ್ಟ ಪಿ. ಕಾಳಿಂಗರಾಯರ ಧ್ವನಿ ವಾರಕ್ಕೊಮ್ಮೆಯಾದರೂ ಯಾವ ಖಾಸಗಿ ನಿಲಯದಲ್ಲಿ ಕೇಳಿಬರುತ್ತದೆ? 1971ರಲ್ಲಿ ‘ಎನ್ನ ತಂಗಡಿ’ಯಿಂದ ಆರಂಭವಾದ ತುಳು ಚಿತ್ರಗಳ ಮೊದಲ ದಶಕಗಳ ಗೀತೆಗಳು ಎಲ್ಲಿ ಅಡಗಿವೆ? ಮಂಗಳೂರಿನ ಕೊಂಕಣಿ ಮನೆಗಳ ಮದುವೆಗೂ ಮರಣಕ್ಕೂ ಹಾಡು ಕಟ್ಟಿದ, 2010ರಲ್ಲಿ ಅಗಲಿದ ವಿಲ್ಫಿ ರೆಬಿಂಬಸ್ ಅವರ ಹಾಡುಗಳಿಗೆ ದಿನಕ್ಕೆ ಎಷ್ಟು ನಿಮಿಷ? ಮೂಡುಬಿದಿರೆಯ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದು 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರ ಏರುಕಂಠ, ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥಗಾರಿಕೆಯ ತರ್ಕ — ಇವು ಹಳೆಯವಲ್ಲವೆ? ಇವನ್ನು ಹತ್ತು ವರ್ಷ ಕೇಳದೆ ಬೆಳೆದ ಹುಡುಗನಿಗೆ ಹನ್ನೊಂದನೆಯ ವರ್ಷ ಕೇಳಿಸಿದರೆ ಅದು ಅವನಿಗೆ ಪರದೇಶದ ಸಂಗೀತ. ರುಚಿಯೆಂಬುದು ಅಭ್ಯಾಸದಿಂದ ಬೆಳೆಯುವ ವಸ್ತು. ಮೊದಲು ಕೇಳಿಸುವುದನ್ನು ನಿಲ್ಲಿಸುವುದು, ಆಮೇಲೆ ‘ಕೇಳುವವರಿಲ್ಲ’ ಎಂದು ವರದಿ ಬರೆಯುವುದು: ಈ ನ್ಯಾಯದ ಮುಂದೆ ಯಾವ ಕಲೆ ಉಳಿದೀತು?

ಈ ಧ್ವನಿಗಳನ್ನು ದಶಕಗಳ ಕಾಲ ಮುದ್ರಿಸಿ ಬಿತ್ತರಿಸಿದ ಸಂಸ್ಥೆ ಆಕಾಶವಾಣಿ. ಕನ್ನಡದ ಜತೆಗೆ ತುಳು, ಕೊಂಕಣಿಗಳಿಗೆ ಬಾನಿನಲ್ಲಿ ಜಾಗ ಕೊಟ್ಟದ್ದು, ತಾಳಮದ್ದಳೆಯನ್ನು ಗುಡ್ಡದ ಮೇಲಣ ಒಂಟಿ ಮನೆಗೂ ಮುಟ್ಟಿಸಿದ್ದು ಅದೇ. ಅದರ ಆಲಸ್ಯವನ್ನೂ ಹೇಳದೆ ಬಿಡಲಾರೆ. ಇಂಥ ಭಂಡಾರಕ್ಕೆ ಒಡೆಯನಾಗಿದ್ದುಕೊಂಡು, ಖಾಸಗಿಯವರ ಹರಟೆಯನ್ನು ಅಣಕಿಸಲು ಹೋಗುವ ಅಗತ್ಯ ಅದಕ್ಕೆ ಏನಿತ್ತು? ಮನೆಯಲ್ಲಿ ಪಂಚಲೋಹದ ಬಿಂದಿಗೆ ಇಟ್ಟುಕೊಂಡು ಸಂತೆಯ ಪ್ಲಾಸ್ಟಿಕ್ ಕೊಡಕ್ಕೆ ಕೈಚಾಚಿದಂತಾಯಿತು. ಪೈಪೋಟಿಗೆ ಇಳಿಯಲೇಬೇಕೆಂದರೆ ಎದುರಾಳಿಯ ಬಳಿ ಇಲ್ಲದ ಸರಕಿನಿಂದ ಇಳಿಯಬೇಕು.

ಇನ್ನೊಂದು ಆಕ್ಷೇಪವಿದೆ: ‘ರೇಡಿಯೋ ಯಾರಿಗೆ ಬೇಕು? ಎಲ್ಲವೂ ಮೊಬೈಲಿನಲ್ಲಿದೆ.’ ಪಟ್ಟಣದ ಓದುಗರಿಗೆ ಇದು ಸರಿಯೆಂದೇ ತೋರೀತು. ಆದರೆ ಬಂಟ್ವಾಳ, ಬೆಳ್ತಂಗಡಿ ತಾಲೂಕುಗಳ ಒಳಗೆ ಒಂದು ಸುತ್ತು ಹೋಗಿಬನ್ನಿ. ಜಗಲಿಯಲ್ಲಿ ಮೊರವನ್ನು ಮಡಿಲಿಗಿಟ್ಟು ಬೀಡಿ ಕಟ್ಟುವ ಹೆಂಗಸರನ್ನು ನೋಡಿ. ಎರಡು ಕೈಯೂ ಎಲೆಯ ಮೇಲೆ, ಕಣ್ಣೂ ಎಲೆಯ ಮೇಲೆ, ಬಿಡುವಾಗಿರುವುದು ಕಿವಿಯೊಂದೇ. ಅಡಕೆ ಸುಲಿಯುವವನಿಗೂ, ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆಯುವವಳಿಗೂ ಅಷ್ಟೇ. ಮೊಬೈಲಿಗೆ ಬೆರಳು ಬೇಕು, ಕಣ್ಣು ಬೇಕು, ತಿಂಗಳ ಕರೆನ್ಸಿ ಬೇಕು, ಗುಡ್ಡದ ಈಚೆಗೂ ಸಿಗ್ನಲ್ ಬೇಕು. ಅದರಲ್ಲಿ ಏನು ಕೇಳಬೇಕೆಂಬುದನ್ನು ಮೊದಲೇ ತಿಳಿದಿರಬೇಕು. ಹೆಸರೇ ಗೊತ್ತಿಲ್ಲದ ಹಾಡನ್ನು ಹುಡುಕುವವರಿಲ್ಲ. ರೇಡಿಯೋ ಹಾಗಲ್ಲ. ಕೇಳದಿದ್ದುದನ್ನೂ ಅದು ಕೇಳಿಸುತ್ತದೆ. ಒಂದೇ ಹಾಡನ್ನು ಒಂದೇ ಹೊತ್ತಿಗೆ ಹತ್ತು ಜಗಲಿಗಳು ಕೇಳುವುದರಿಂದ ಹುಟ್ಟುವ ಊರಿನ ಮಾತುಕತೆಯನ್ನು ಯಾವ ಮೊಬೈಲೂ ಹುಟ್ಟಿಸಿಲ್ಲ.

ಇಲ್ಲಿಯೇ ಮಧ್ಯಮತರಂಗದ ಪ್ರಶ್ನೆ ಬರುತ್ತದೆ. ಮಂಗಳೂರು ಆಕಾಶವಾಣಿಯನ್ನು ಕರಾವಳಿಯ ಒಂದಿಡೀ ತಲೆಮಾರು ಕೇಳಿದ್ದು ಬ್ರಹ್ಮಾವರದ 20 ಕಿಲೋವಾಟಿನ ಪ್ರೇಷಕಯಂತ್ರದ ಮೂಲಕ, 1089 ಕಿಲೋಹರ್ಟ್ಸಿನಲ್ಲಿ. ಆ ಅಲೆಯ ಉದ್ದ ಸುಮಾರು 275 ಮೀಟರು, ಎಫ್.ಎಂ. ಅಲೆಯದು ಮೂರೇ ಮೀಟರು. ಉದ್ದದ ಅಲೆ ನೆಲವನ್ನು ತಬ್ಬಿಕೊಂಡು, ಗುಡ್ಡವನ್ನು ಬಳಸಿ ಮುಂದೆ ಹೋಗುತ್ತದೆ. ಗಿಡ್ಡ ಅಲೆ ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ. ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. ಬೆಳ್ತಂಗಡಿ ತಾಲೂಕು ಪಶ್ಚಿಮಘಟ್ಟದ ಪಾದದಲ್ಲಿದೆ. ಚಾರ್ಮಾಡಿಯ ಕಡೆಯ ಕಣಿವೆಗಳಲ್ಲಿ ಎಫ್.ಎಂ. ಹಿಡಿಯಲು ಹೊರಟವರು ತಂತಿಯನ್ನು ಕಿಟಕಿಗೆ, ಕಿಟಕಿಯಿಂದ ಹಲಸಿನ ಮರಕ್ಕೆ ಕಟ್ಟಿಯೂ ಬರಿಯ ಮೊರೆತವನ್ನೇ ಕೇಳಬೇಕಾಗುವ ಜಾಗಗಳಿವೆ. 2019ರ ಆಗಸ್ಟಿನ ನೆರೆ, ಘಾಟಿಯ ಭೂಕುಸಿತಗಳನ್ನು ಕಂಡ ಆ ಭಾಗಕ್ಕೆ, ಕರೆಂಟು ಹೋದ ರಾತ್ರಿ ಎರಡು ಬ್ಯಾಟರಿಯಿಂದ ಮಾತಾಡುವ ಪೆಟ್ಟಿಗೆಯ ಬೆಲೆ ಏನೆಂದು ಬೋಧಿಸಬೇಕಾಗಿಲ್ಲ. ಹೀಗಿದ್ದೂ ದೇಶದಲ್ಲಿ ಮಧ್ಯಮತರಂಗದ ಪ್ರೇಷಕಯಂತ್ರಗಳನ್ನು ಒಂದೊಂದಾಗಿ ಮೌನಗೊಳಿಸುವ ನೀತಿ ನಡೆದಿದೆ. ಯಂತ್ರ ಹಳೆಯದು, ವಿದ್ಯುತ್ತಿನ ಖರ್ಚು ಹೆಚ್ಚು, ಶ್ರೋತೃಗಳು ಕಡಿಮೆ ಎಂಬುದು ಕಾರಣ.

ಖರ್ಚಿನ ಮಾತು ಸುಳ್ಳಲ್ಲ. ಮಧ್ಯಮತರಂಗ ವಿದ್ಯುತ್ತನ್ನು ಕುಡಿಯುತ್ತದೆ. ಆದರೆ ‘ಶ್ರೋತೃಗಳು ಕಡಿಮೆ’ ಎಂದು ಎಣಿಸಿದವರು ಯಾರು, ಎಲ್ಲಿ? ಖಾಸಗಿ ಬಾನುಲಿಯ ಜಾಹೀರಾತುದಾರರು ನೆಚ್ಚಿಕೊಂಡ ‘ರ‍್ಯಾಮ್’ ಎಂಬ ಶ್ರೋತೃಗಣತಿ ನಡೆದದ್ದು ದೆಹಲಿ, ಮುಂಬಯಿ, ಕೋಲ್ಕತ್ತ, ಬೆಂಗಳೂರು ಎಂಬ ನಾಲ್ಕು ಮಹಾನಗರಗಳಲ್ಲಿ. ಬೀಡಿ ಕಟ್ಟುವವಳ ಕಿವಿ ಆ ಎಣಿಕೆಯೊಳಗೆ ಬರಲಿಲ್ಲ. ಎಣಿಕೆಗೆ ಬಾರದವರನ್ನು ಇಲ್ಲದವರೆಂದು ಬಗೆಯುವುದು ಲೆಕ್ಕಪತ್ರದ ಶಾಸ್ತ್ರವಾಗಬಹುದು, ಪ್ರಜಾರಾಜ್ಯದ ಶಾಸ್ತ್ರವಲ್ಲ.

ಆಕಾಶದ ಅಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರ ಫೆಬ್ರವರಿಯಲ್ಲಿಯೇ ತೀರ್ಪು ಕೊಟ್ಟಿದೆ. ಹಾಗಾದರೆ ಬೆಳ್ತಂಗಡಿಯವನೂ ಅದರ ಒಡೆಯರಲ್ಲಿ ಒಬ್ಬ. ಆದರೆ ಒಡೆತನ ಕಾಗದದಲ್ಲಿದೆ, ಕೀಲಿಕೈ ಹರಾಜಿನಲ್ಲಿದೆ. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 234 ಊರುಗಳಲ್ಲಿ 730 ಖಾಸಗಿ ಎಫ್.ಎಂ. ವಾಹಿನಿಗಳ ಹರಾಜಿಗೆ ಒಪ್ಪಿಗೆಯಿತ್ತಿತು. ಜನಸಂಖ್ಯೆಯ ಮಾನದಿಂದ ಊರುಗಳನ್ನು ಆರಿಸುವ ಈ ಏರ್ಪಾಟಿನಲ್ಲಿ, 2011ರ ಗಣತಿಯಂತೆ 40 ಸಾವಿರದ ಆಸುಪಾಸಿನ ಬಂಟ್ವಾಳಕ್ಕೂ 30 ಸಾವಿರ ಮುಟ್ಟದ ಮೂಡುಬಿದಿರೆಗೂ ಸರದಿ ಬರುವುದು ಯಾವ ಕಾಲಕ್ಕೆ? ಮಧ್ಯಮತರಂಗವಂತೂ ಖಾಸಗಿಯವರಿಗೆ ಎಂದೂ ತೆರೆದಿಲ್ಲ. ಆಕಾಶವಾಣಿ ಅದನ್ನು ಬಿಟ್ಟ ದಿನ ಅದು ಯಾರದೂ ಅಲ್ಲದ ಬೀಳುಭೂಮಿ. ಉಳಿದದ್ದು ಸಮುದಾಯ ಬಾನುಲಿ. 2006ರ ನೀತಿಯಂತೆ ಸಂಘಸಂಸ್ಥೆಗಳೂ ಅದನ್ನು ನಡೆಸಬಹುದು. ಅರ್ಧದಷ್ಟು ಕಾರ್ಯಕ್ರಮ ಸ್ಥಳೀಯರ ಪಾಲ್ಗೊಳ್ಳುವಿಕೆಯಿಂದಲೇ ಆಗಬೇಕು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ‘ರೇಡಿಯೋ ಸಾರಂಗ್’ 2009ರಿಂದ ತೋರಿಸಿಕೊಟ್ಟಂತೆ ದಾರಿ ಒಳ್ಳೆಯದೇ. ಆದರೆ ಅದರ ಶಕ್ತಿಗೆ ನೂರು ವಾಟಿನ ಬೇಲಿ. ಬಯಲುಸೀಮೆಯಲ್ಲಿ ಹದಿನೈದು ಕಿಲೋಮೀಟರು ಹೋದೀತು, ಗುಡ್ಡಗಾಡಿನಲ್ಲಿ ಮೊದಲನೆಯ ಗುಡ್ಡಕ್ಕೇ ಕೈಮುಗಿಯುತ್ತದೆ.

ಕನ್ನಡಿಗರಿಗೆ ಸಣ್ಣ ನಿಲಯವೆಂದರೆ ಹೊಸ ಮಾತಲ್ಲ. ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಪ್ರೇಷಕಯಂತ್ರವಿಟ್ಟು ನಿಲಯ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರನ್ನು ಇಡೀ ದೇಶ ಅಲ್ಲಿಂದ ಪಡೆಯಿತು. ಹೆಸರನ್ನು ಪಡೆದ ದೆಹಲಿ ಆ ಧೈರ್ಯವನ್ನೂ ಪಡೆದಿದ್ದರೆ ಇಂದು ತಾಲೂಕಿಗೊಂದು ಧ್ವನಿಯಿರುತ್ತಿತ್ತು.

ಟೀಕಿಸಿ ಕೈತೊಳೆದುಕೊಳ್ಳುವುದು ಸುಲಭ, ಆಗಬೇಕಾದದ್ದನ್ನೂ ಹೇಳುತ್ತೇನೆ. ಮೊದಲನೆಯದಾಗಿ, ಕರಾವಳಿಯ ಪಾಲಿನ ಮಧ್ಯಮತರಂಗವನ್ನು ಮುಚ್ಚಬಾರದು. ಹಗಲಿಡೀ ನಡೆಸುವುದು ದುಬಾರಿಯಾದರೆ, ಬೆಳಿಗ್ಗೆ ಮೂರು ಗಂಟೆ, ರಾತ್ರಿ ಮೂರು ಗಂಟೆ ನಡೆಸಲಿ. ಎರಡನೆಯದಾಗಿ, ಮಂಗಳೂರು ನಿಲಯದ ಬಳಿಯಿರುವ ಹಳೆಯ ಮುದ್ರಿಕೆಗಳಿಗೆ ದಿನವೂ ಒಂದೇ ಹೊತ್ತಿಗೆ ಒಂದು ಗಂಟೆಯನ್ನು ಮೀಸಲಿಡಲಿ: ಸೋಮವಾರ ತುಳು, ಮಂಗಳವಾರ ಕೊಂಕಣಿ, ಶನಿವಾರ ತಾಳಮದ್ದಳೆ ಎಂಬಂತೆ. ಯಾವ ಎದುರಾಳಿಯೂ ಸರಿಗಟ್ಟಲಾರದ ಪೈಪೋಟಿ ಅದೊಂದೇ. ಮೂರನೆಯದಾಗಿ, ಗುಡ್ಡಗಾಡಿನ ತಾಲೂಕುಗಳಲ್ಲಿ ಸಮುದಾಯ ಬಾನುಲಿಯ ನೂರು ವಾಟಿನ ಬೇಲಿಯನ್ನು ಸಡಿಲಿಸಿ, ಗುಡ್ಡದಾಚೆಗೆ ದಾಟಿಸುವ ಮರುಪ್ರಸಾರದ ಯಂತ್ರಕ್ಕೆ ಅನುಮತಿ ಕೊಡಲಿ. ನಾಲ್ಕನೆಯದಾಗಿ, ಖಾಸಗಿ ನಿಲಯಗಳು ಸರಕಾರಕ್ಕೆ ವರ್ಷವರ್ಷ ಕಟ್ಟುವ ಶುಲ್ಕದ ಒಂದು ಪಾಲನ್ನು ಇದಕ್ಕೇ ತೆಗೆದಿಡಲಿ. ಹೆದ್ದಾರಿಯಲ್ಲಿ ಗಳಿಸಿದವನು ಒಳದಾರಿಗೆ ಒಂದು ಬಸ್ಸು ಬಿಡುವುದರಲ್ಲಿ ಅನ್ಯಾಯವೇನೂ ಇಲ್ಲ.

ಇವೆಲ್ಲ ತಾವಾಗಿ ಆಗುವುದಿಲ್ಲ. ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕುವ ಜನ ನಾವು. ಯಂತ್ರ ನಿಂತ ಮೇಲೆ ಸಂತಾಪಸಭೆ ಕರೆಯುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಹಿಂದೆ ಒಂದು ಹಾಡು ಬೇಕೆಂದರೆ ಕೋರಿಕೆಯ ಕಾರ್ಡಿನಲ್ಲಿ ಮನೆಮಂದಿಯ ಹೆಸರನ್ನೆಲ್ಲ ಬರೆದು ಅಂಚೆಪೆಟ್ಟಿಗೆಗೆ ಹಾಕುತ್ತಿದ್ದರು. ತಮ್ಮ ಹೆಸರು ಬಾನಿನಲ್ಲಿ ಬಂದ ದಿನ ಊರಿಗೆಲ್ಲ ಸಾರುತ್ತಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಓದುಗರು ಈ ವಾರ ಅಂಥದೇ ಒಂದು ಕಾರ್ಡನ್ನು ಬರೆಯಲಿ. ಪ್ರಸಾರ ಭಾರತಿಗೂ ತಮ್ಮ ಪಾರ್ಲಿಮೆಂಟ್ ಸದಸ್ಯರಿಗೂ ಬರೆಯಲಿ. ಹಾಡನ್ನಲ್ಲ, ನಿಲಯವನ್ನೇ ಕೋರಿ ಬರೆಯಲಿ.